ರಸ್ತೇನೇ ರೇಸ್ ಟ್ರ್ಯಾಕ್ ಆದ್ರೆ ಅಲ್ಲಿಗೆ ಹೋಗೋದು ಹೇಗೆ? ಚೆನ್ನೈ ಸ್ಟ್ರೀಟ್ ರೇಸ್, ಮೆಟ್ರೋ, ಮತ್ತೆ ವಾಪಸ್ ಬರೋ ಲೆಕ್ಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋವರಿಗೆ ಇವತ್ತಿನ ಮಾತನ್ನ ಎಂದಿನಂತೆ ಇಲ್ಲಿ ಬರಹದ ರೂಪದಲ್ಲಿ ಹಾಕ್ತಾ ಇದ್ದೀನಿ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೀನಿ.

ವಿಷಯ ಏನಪ್ಪಾ ಅಂದ್ರೆ, ಊರಿನ ನಟ್ಟನಡುವೆ ಸಾಮಾನ್ಯ ರಸ್ತೆಗಳನ್ನೇ ಮುಚ್ಚಿ ಕಾರ್ ರೇಸ್ ನಡೆಸ್ತಾರಲ್ಲ, ಅಂಥ ಸ್ಟ್ರೀಟ್ ರೇಸ್‌ಗೆ ಸ್ವಂತ ಗಾಡಿ ಇಲ್ಲದೆ, ಬಸ್ಸು, ರೈಲು, ಮೆಟ್ರೋದಲ್ಲಿ ಹೋಗಿ ಬರೋದು ಹೇಗೆ? ಕೇಳೋಕೆ ಇದು ಬರೀ ಟ್ರಾವೆಲ್ ಟಿಪ್ಸ್ ಥರ ಇದೆ. ಆದ್ರೆ ಇದರೊಳಗೆ ಒಂದು ಒಳ್ಳೆ ಇಂಜಿನಿಯರಿಂಗ್ ಪ್ರಶ್ನೆ ಇದೆ. ಅದಕ್ಕಿಂತ ಮುಖ್ಯವಾಗಿ, ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಬಾಗಿಲ ಕಡೆ ನಡೆದಾಗ ಏನಾಗಬಹುದು ಅನ್ನೋ ಪ್ರಶ್ನೆ ಇದೆ. ಅದರ ಬೆಲೆ ಏನು ಅಂತ ಚೆನ್ನೈ ಒಂದು ಸಲ ನೋಡಿದೆ, ಬೆಂಗಳೂರೂ ಒಂದು ಸಲ ನೋಡಿದೆ.

ನಾನು ಕೆಲಸಕ್ಕೆ ಅಂತ ಚೆನ್ನೈಗೆ ಬಂದು ಕೆಲವು ವರ್ಷ ಆಯ್ತು. ಇರೋದು ವೇಲಚೇರಿ, ಆಫೀಸು ಒಎಂಆರ್. ಹಾಗಾಗಿ ಈ ಊರಿನ ರೈಲು, ಬಸ್ಸು ನನಗೆ ದಿನನಿತ್ಯದ ಮಾತು.

ಮೊದಲು, ನಡೆದದ್ದೇನು?

ಚೆನ್ನೈ ಫಾರ್ಮುಲಾ ರೇಸಿಂಗ್ ಸರ್ಕ್ಯೂಟ್ ಅಂತ ಹೆಸರು. ಸುಮಾರು 3.5 ಕಿಲೋಮೀಟರ್ ಉದ್ದ, 19 ತಿರುವು. ಐಲ್ಯಾಂಡ್ ಗ್ರೌಂಡ್ಸ್ ಸುತ್ತಮುತ್ತ, ಫ್ಲ್ಯಾಗ್ ಸ್ಟಾಫ್ ರಸ್ತೆ, ಅಣ್ಣಾ ಸಾಲೈ, ಶಿವಾನಂದ ಸಾಲೈ, ನೇಪಿಯರ್ ಸೇತುವೆ, ಹೀಗೆ ನಾವು ದಿನಾ ಬಸ್ಸಲ್ಲಿ ಓಡಾಡೋ ರಸ್ತೆಗಳನ್ನೇ ಜೋಡಿಸಿ ಮಾಡಿದ ಟ್ರ್ಯಾಕ್. ನಡೆಸಿದ್ದು ರೇಸಿಂಗ್ ಪ್ರಮೋಷನ್ಸ್ ಅನ್ನೋ ಖಾಸಗಿ ಸಂಸ್ಥೆ ಮತ್ತು ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರ ಸೇರಿ. ಮೊದಲು 2023ರ ಡಿಸೆಂಬರ್ 9 ಮತ್ತು 10ಕ್ಕೆ ಇಟ್ಟಿದ್ದರು. ಅದೇ ವಾರ ಮಿಚಾಂಗ್ ಚಂಡಮಾರುತ ಬಂದು ಊರೇ ನೀರಲ್ಲಿ ನಿಂತಿತು, ರೇಸ್ ಮುಂದಕ್ಕೆ ಹೋಯ್ತು. ಆಮೇಲೆ ಮದ್ರಾಸ್ ಹೈಕೋರ್ಟ್‌ನಲ್ಲಿ ವಾದ ವಿವಾದ ನಡೆದು, ಕೊನೆಗೆ 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು, ಶನಿವಾರ ಭಾನುವಾರ, ದೀಪದ ಬೆಳಕಲ್ಲಿ ರೇಸ್ ನಡೀತು. ಫಾರ್ಮುಲಾ 4 ಕಾರುಗಳು ಓಡಿದ ನಮ್ಮ ದೇಶದ ಮೊದಲ ರಾತ್ರಿ ಸ್ಟ್ರೀಟ್ ರೇಸ್ ಅದು.

ಚೆನ್ನೈಗೆ ಮೋಟಾರ್ ರೇಸ್ ಹೊಸದೇನಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶುರುವಾಗಿದ್ದು 1953ರಲ್ಲಿ. ಆಗೆಲ್ಲ ಶೋಲಾವರಂನ ಹಳೇ ವಿಮಾನ ರನ್‌ವೇ ಮೇಲೆ ರೇಸ್ ಆಗ್ತಿತ್ತು. 1990ರ ಸುಮಾರಿಗೆ ಶ್ರೀಪೆರಂಬದೂರ್ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ಕಾಯಂ ಟ್ರ್ಯಾಕ್ ಬಂತು. ಬೆಂಗಳೂರಿಂದ ಹೈವೇಲಿ ಚೆನ್ನೈಗೆ ಬರೋವಾಗ ಊರು ಸಿಗೋಕೆ ಮುಂಚೆಯೇ ಅದು ಸಿಗತ್ತೆ.

ಈ ಎರಡು ಜಾಗಗಳಿಗೆ ಹೋಗೋ ರೀತೀಲಿ ಇರೋ ವ್ಯತ್ಯಾಸ ನೋಡಿ. ಇರುಂಗಾಟ್ಟುಕೋಟೈ ಊರಾಚೆ ಇದೆ. ರೈಲಿಲ್ಲ, ಮೆಟ್ರೋ ಇಲ್ಲ, ಆದ್ರೆ ರಸ್ತೆ ಇದೆ. ರೇಸ್ ದಿನವೂ ಆ ರಸ್ತೆ ತೆರೆದೇ ಇರತ್ತೆ. ಐಲ್ಯಾಂಡ್ ಗ್ರೌಂಡ್ಸ್ ಊರಿನ ನಡುವೆ ಇದೆ. ಸುತ್ತ ಎಲ್ಲ ಥರದ ಸಾರಿಗೆ ಇದೆ. ಆದ್ರೆ ರೇಸ್ ದಿನ ಅಲ್ಲಿಗೆ ಹೋಗಬೇಕಾದ ರಸ್ತೆಯೇ ಮುಚ್ಚಿರತ್ತೆ, ಯಾಕಂದ್ರೆ ರೇಸ್ ನಡೀತಿರೋದು ಅದರ ಮೇಲೇ. ಸ್ಟ್ರೀಟ್ ರೇಸ್‌ಗೆ ಹೋಗೋರು ಮೊದಲು ತಲೇಲಿ ಇಟ್ಟುಕೊಳ್ಳಬೇಕಾದ್ದು ಇದು.

ಮ್ಯಾಪ್ ಮನಸ್ಸಲ್ಲಿ ಬಿಡಿಸಿಕೊಳ್ಳಿ

ಕೂವಂ ನದಿ ಸಮುದ್ರ ಸೇರೋಕೆ ಮುಂಚೆ ಎರಡು ಕವಲಾಗಿ ಒಂದು ನಡುಗಡ್ಡೆ ಮಾಡಿದೆ, ಅದೇ ಐಲ್ಯಾಂಡ್ ಗ್ರೌಂಡ್ಸ್. ಅದರ ಪೂರ್ವಕ್ಕೆ ಯುದ್ಧ ಸ್ಮಾರಕ ಮತ್ತು ಸಮುದ್ರ. ಉತ್ತರಕ್ಕೆ ಸೇಂಟ್ ಜಾರ್ಜ್ ಕೋಟೆ. ವಾಯವ್ಯಕ್ಕೆ ಸೆಂಟ್ರಲ್ ರೈಲ್ವೆ ಸ್ಟೇಷನ್. ಪಶ್ಚಿಮ ಮತ್ತು ನೈಋತ್ಯಕ್ಕೆ ಅಣ್ಣಾ ಸಾಲೈ, ಅಂದ್ರೆ ಹಳೇ ಮೌಂಟ್ ರೋಡ್. ದಕ್ಷಿಣಕ್ಕೆ ಚೆಪಾಕ್ ಸ್ಟೇಡಿಯಂ.

ಈಗ ಇದರ ಸುತ್ತ ಹಳಿ ಹಾಕೋಣ. ಮೂರು ಥರದ ರೈಲು ಇದೆ.

ಒಂದು, ಮೆಟ್ರೋ ನೀಲಿ ಲೈನ್. ಉತ್ತರದ ವಿಮ್ಕೋ ನಗರದಿಂದ ಬಂದು ಮಣ್ಣಡಿ, ಹೈಕೋರ್ಟ್, ಸೆಂಟ್ರಲ್, ಗವರ್ನ್‌ಮೆಂಟ್ ಎಸ್ಟೇಟ್, ಎಲ್‌ಐಸಿ, ಥೌಸಂಡ್ ಲೈಟ್ಸ್ ಅಂತ ಸಾಗಿ ಏರ್‌ಪೋರ್ಟ್‌ಗೆ ಹೋಗತ್ತೆ. ಇಲ್ಲೆಲ್ಲಾ ನೆಲದೊಳಗೇ ಓಡತ್ತೆ. ಹಸಿರು ಲೈನ್ ಸೆಂಟ್ರಲ್‌ನಲ್ಲಿ ಇದಕ್ಕೆ ಸೇರತ್ತೆ.

ಎರಡು, ಎಂಆರ್‌ಟಿಎಸ್. ಕಂಬಗಳ ಮೇಲೆ ಓಡೋದ್ರಿಂದ ಇಲ್ಲಿನ ಜನ ಇದನ್ನ ಪರಕ್ಕುಂ ರೈಲ್, ಅಂದ್ರೆ ಹಾರೋ ರೈಲು ಅಂತಾರೆ. ಬೀಚ್, ಫೋರ್ಟ್, ಪಾರ್ಕ್ ಟೌನ್, ಚಿಂತಾದ್ರಿಪೇಟೆ, ಚೆಪಾಕ್, ತಿರುವಲ್ಲಿಕ್ಕೇಣಿ, ಹೀಗೆ ವೇಲಚೇರಿ ಕಡೆ ಬರತ್ತೆ.

ಮೂರು, ಸಬರ್ಬನ್ ರೈಲು. ಬೀಚ್, ಫೋರ್ಟ್, ಪಾರ್ಕ್, ಎಗ್ಮೋರ್, ಹಾಗೇ ತಾಂಬರಂ ಕಡೆಗೆ.

ಈ ಮೂರರಲ್ಲಿ ಒಂದೂ ರಸ್ತೆ ಮೇಲೆ ಇಲ್ಲ. ಹಾಗಾಗಿ ಮೇಲೆ ಕಾರು ಓಡ್ತಿದ್ರೂ ಇವುಗಳ ಪಾಡಿಗೆ ಇವು ಓಡ್ತವೆ. ಬಸ್ಸಿನ ಕಥೆ ಬೇರೆ. ಪ್ಯಾರಿಸ್ ಕಾರ್ನರ್ ಹತ್ತಿರದ ಬ್ರಾಡ್‌ವೇ ಕಡೆಯಿಂದ ದಕ್ಷಿಣದ ಬಡಾವಣೆಗಳಿಗೆ ಹೋಗೋ ಬಸ್ಸುಗಳು ಹೆಚ್ಚಿನವು ಅಣ್ಣಾ ಸಾಲೈ ಅಥವಾ ಸಮುದ್ರ ದಡದ ಕಾಮರಾಜರ್ ಸಾಲೈ ಹಿಡೀಬೇಕು. ಆ ಮೂರು ದಿನ, ಆಗಸ್ಟ್ 30ರಿಂದ ಸೆಪ್ಟೆಂಬರ್ 1ರವರೆಗೆ, ಪೊಲೀಸರು ಮಧ್ಯಾಹ್ನದಿಂದ ರಾತ್ರಿವರೆಗೆ ಆ ಭಾಗದ ಗಾಡಿಗಳನ್ನ ಬೇರೆ ಕಡೆ ತಿರುಗಿಸಿದ್ರು. ಬಸ್ ಇತ್ತು, ಆದ್ರೆ ಅದರ ಮಾಮೂಲಿ ಸ್ಟಾಪ್ ಇರಲಿಲ್ಲ.

ಎಲ್ಲಿಂದ ಬರೋರಿಗೆ ಯಾವ ದಾರಿ?

ಬೆಂಗಳೂರಿಂದ ರೈಲಲ್ಲಿ ಬರೋರು ಹೆಚ್ಚಾಗಿ ಇಳಿಯೋದು ಸೆಂಟ್ರಲ್‌ನಲ್ಲಿ. ಬೆಳಗ್ಗೆ ಹೊರಡೋ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹಿಡಿದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲಿರ್ತೀರಿ. ಸೆಂಟ್ರಲ್‌ನಿಂದ ಐಲ್ಯಾಂಡ್ ಗ್ರೌಂಡ್ಸ್‌ಗೆ ಒಂದೂವರೆ ಕಿಲೋಮೀಟರ್ ಆಸುಪಾಸು. ಆಟೋದವರು ಕರೀತಾರೆ, ಹತ್ತಬೇಡಿ. ಮುಚ್ಚಿದ ರಸ್ತೆ ಸುತ್ತಿ ಸುತ್ತಿ ಕೊನೆಗೆ ಬ್ಯಾರಿಕೇಡ್ ಹತ್ತಿರ ಇಳಿಸ್ತಾರೆ, ಅಲ್ಲಿಂದ ಹೇಗೂ ನಡೀಬೇಕು. ನಿಮ್ಮ ಗೇಟು ಅಣ್ಣಾ ಸಾಲೈ ಕಡೆಗಿದ್ರೆ ನೆಲದೊಳಗಿನ ಮೆಟ್ರೋದಲ್ಲಿ ಒಂದೇ ಸ್ಟಾಪ್, ಗವರ್ನ್‌ಮೆಂಟ್ ಎಸ್ಟೇಟ್.

ಬೆಂಗಳೂರಿಂದ ಬಸ್ಸಲ್ಲಿ ಬಂದು ಕೋಯಂಬೇಡಿನಲ್ಲಿ ಇಳಿದವರಿಗೆ ಸಿಎಂಬಿಟಿ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ. ಹಸಿರು ಲೈನ್ ಹತ್ತಿ ನೇರ ಸೆಂಟ್ರಲ್. ಏರ್‌ಪೋರ್ಟ್‌ನಿಂದ ಬರೋರಿಗೆ ನೀಲಿ ಲೈನ್, ಎಲ್ಲೂ ಬದಲಾಯಿಸೋ ಹಾಗಿಲ್ಲ. ತಾಂಬರಂ ಕಡೆಯವರಿಗೆ ಸಬರ್ಬನ್ ರೈಲಲ್ಲಿ ಪಾರ್ಕ್ ಅಥವಾ ಫೋರ್ಟ್.

ನಮ್ಮಂಥ ವೇಲಚೇರಿ, ಒಎಂಆರ್ ಕಡೆಯವರಿಗೆ ಹಾರೋ ರೈಲೇ ಗತಿ. ಒಎಂಆರ್ ಮಧ್ಯೆ ಮೆಟ್ರೋ ಎರಡನೇ ಹಂತದ ಕೆಲಸ ನಡೀತಿದ್ದು, ಅಲ್ಲಿ ಬಸ್ ಯಾವಾಗ ತಲುಪತ್ತೆ ಅಂತ ಹೇಳೋರಿಲ್ಲ. ಆದ್ರೆ 2024ರ ಆಗಸ್ಟ್‌ನಲ್ಲಿ ಒಂದು ತೊಡಕಿತ್ತು. ಬೀಚ್ ಮತ್ತು ಎಗ್ಮೋರ್ ನಡುವೆ ನಾಲ್ಕನೇ ಹಳಿ ಹಾಕೋ ಕೆಲಸಕ್ಕಾಗಿ 2023ರ ಆಗಸ್ಟ್ 27ರಿಂದ ಈ ರೈಲನ್ನ ಬೀಚ್‌ವರೆಗೆ ಬಿಡದೆ ಚಿಂತಾದ್ರಿಪೇಟೆಗೇ ನಿಲ್ಲಿಸಿದ್ರು. ಅದು ಮತ್ತೆ ಬೀಚ್‌ವರೆಗೆ ಓಡಿದ್ದು 2024ರ ಅಕ್ಟೋಬರ್ 29ಕ್ಕೆ. ಅಂದ್ರೆ ರೇಸ್ ದಿನ ಟ್ರ್ಯಾಕ್‌ನ ಉತ್ತರ ಬದಿಗೆ ಈ ರೈಲು ಹೋಗ್ತಾನೇ ಇರಲಿಲ್ಲ. ಹಳೇ ಮ್ಯಾಪ್ ನೋಡಿ ಪಾರ್ಕ್ ಟೌನ್‌ನಲ್ಲಿ ಇಳಿಯೋಣ ಅಂತ ಹೊರಟವರು ಚಿಂತಾದ್ರಿಪೇಟೇಲಿ ಇಳಿದು ನಡೀಬೇಕಾಗಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಟ್ರ್ಯಾಕ್ ಅನ್ನೋದು ಮುಚ್ಚಿದ ಸುತ್ತು. ಅದು ಊರನ್ನ ಎರಡು ಭಾಗ ಮಾಡತ್ತೆ, ಸುತ್ತಿನ ಒಳಗೆ, ಸುತ್ತಿನ ಹೊರಗೆ. ರೇಸ್ ನಡೀವಾಗ ಅಡ್ಡ ದಾಟೋಕೆ ಬಿಡಲ್ಲ. ಹಾಗಾಗಿ ಮ್ಯಾಪ್‌ನಲ್ಲಿ 300 ಮೀಟರ್ ಅಂತ ಕಾಣೋ ಸ್ಟೇಷನ್ ಟ್ರ್ಯಾಕ್‌ನ ಆಚೆ ಬದೀಲಿದ್ರೆ ನಿಮಗೆ ಅದು ಎರಡು ಕಿಲೋಮೀಟರ್. ಟಿಕೆಟ್ ಕೈಗೆ ಬಂದ ತಕ್ಷಣ ಮೊದಲು ನೋಡಬೇಕಾದ್ದು ಯಾವ ಗೇಟ್, ಅದು ಯಾವ ರಸ್ತೆ ಕಡೆ ತೆರೆಯತ್ತೆ ಅಂತ. ಅದಾದ ಮೇಲೆ ಸ್ಟೇಷನ್ ಹುಡುಕಿ.

ಹೋಗೋದು ಸುಲಭ, ಕಷ್ಟ ಇರೋದು ಬರೋದ್ರಲ್ಲಿ

ನಮ್ಮೂರ ಜಾತ್ರೆ ನೆನಪು ಮಾಡ್ಕೊಳ್ಳಿ. ಜನ ಬೆಳಗ್ಗಿಂದ ಬರ್ತಾನೇ ಇರ್ತಾರೆ. ಕೆಲವರು ಬೇಗ ಬಂದು ಹಣ್ಣುಕಾಯಿ ಮಾಡಿಸ್ತಾರೆ, ಕೆಲವರು ತೇರು ಎಳೆಯೋ ಹೊತ್ತಿಗೆ ಓಡೋಡಿ ಬರ್ತಾರೆ. ಬರೋ ಜನ ಐದಾರು ಗಂಟೆ ಮೇಲೆ ಹರಡಿಕೊಂಡಿರ್ತಾರೆ. ತೇರು ಎಳೆದಾದ ಮೇಲೆ? ಎಲ್ಲರೂ ಒಟ್ಟಿಗೆ ಬಸ್ ಸ್ಟ್ಯಾಂಡಿಗೆ. ಬಸ್ಸು ಅಷ್ಟೇ ಇರತ್ತೆ, ಹೊತ್ತು ಮಾತ್ರ ಅರ್ಧ ಗಂಟೆಗೆ ಕುಗ್ಗಿರತ್ತೆ.

ಇದನ್ನ ಸ್ವಲ್ಪ ಲೆಕ್ಕ ಹಾಕೋಣ. ಚೆನ್ನೈ ಮೆಟ್ರೋ ರೈಲಿಗೆ ನಾಲ್ಕು ಬೋಗಿ, ಕೂತವರು ನಿಂತವರು ಸೇರಿ ಸುಮಾರು 1,200 ಜನ ಹಿಡಿಸತ್ತೆ. ಲೆಕ್ಕಕ್ಕೆ ಅಂತ, ರೇಸ್ ಮುಗಿದ ಕೂಡಲೇ ಹತ್ತಿರದ ಒಂದೇ ಸ್ಟೇಷನ್‌ಗೆ 10,000 ಜನ ಬಂದ್ರು ಅಂದ್ಕೊಳ್ಳಿ. ಅರ್ಧ ಜನ ಉತ್ತರಕ್ಕೆ, ಅರ್ಧ ದಕ್ಷಿಣಕ್ಕೆ. ಒಂದು ದಿಕ್ಕಿಗೆ 5,000. ಬರೋ ರೈಲಲ್ಲಿ ಮೊದಲೇ 300 ಜನ ಇರ್ತಾರೆ ಅಂದ್ರೆ ಉಳಿಯೋ ಜಾಗ 900. 5,000 ಜನಕ್ಕೆ ಆರು ರೈಲು ಬೇಕು. ಐದು ನಿಮಿಷಕ್ಕೊಂದು ರೈಲು ಇದ್ರೆ ಅರ್ಧ ಗಂಟೇಲಿ ಎಲ್ಲರೂ ಹೊರಟರು. ರಾತ್ರಿ ಹೊತ್ತಾಯ್ತು ಅಂತ ಕಾಲು ಗಂಟೆಗೊಂದು ಬಿಟ್ರೆ? ಕೊನೆಯವನು ಒಂದೂವರೆ ಗಂಟೆ ಕಾಯಬೇಕು. ರೇಸ್ ಹತ್ತು ಗಂಟೆಗೆ ಮುಗಿದ್ರೆ, 11ಕ್ಕೆ ಕೊನೇ ರೈಲು ಹೊರಡೋ ಮೆಟ್ರೋದಲ್ಲಿ ಅವನಿಗೆ ಜಾಗವೇ ಇಲ್ಲ.

ರೈಲು ಮಾತ್ರ ಅಲ್ಲ, ಗೇಟನ್ನೂ ಲೆಕ್ಕಕ್ಕೆ ತಗೋಬೇಕು. ಕಾರ್ಡ್ ತೋರಿಸಿ ಒಬ್ಬರು ದಾಟೋಕೆ ಎರಡು ಸೆಕೆಂಡ್ ಅಂತ ಹಿಡಿದ್ರೆ ಒಂದು ಗೇಟಿಗೆ ನಿಮಿಷಕ್ಕೆ 30 ಜನ. ಹತ್ತು ಗೇಟ್ ಇದ್ರೆ 300. ಅದೇ 10,000 ಜನಕ್ಕೆ ಅರ್ಧ ಗಂಟೆ ದಾಟಿತು. ಅಲ್ಲೊಬ್ಬರ ಕ್ಯೂಆರ್ ಕೋಡ್ ತೆರೀಲಿಲ್ಲ, ಇನ್ನೊಬ್ಬರ ಕಾರ್ಡಲ್ಲಿ ದುಡ್ಡಿಲ್ಲ ಅಂದ್ರೆ ಹಿಂದೆ ನಿಂತವರೆಲ್ಲ ನಿಂತಲ್ಲೇ. ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದು ಗೊತ್ತಿರೋ ವಿಷಯವೇ. ಸರ್ವರ್ ಎಷ್ಟೇ ದೊಡ್ಡದಿರಲಿ, ಎಲ್ಲ ರಿಕ್ವೆಸ್ಟೂ ಒಂದೇ ಸಲ ಒಂದೇ ಬಾಗಿಲಿಗೆ ಬಂದ್ರೆ ಕ್ಯೂ ಬೆಳೆಯತ್ತೆ. ವ್ಯತ್ಯಾಸ ಇಷ್ಟೇ. ಸರ್ವರ್ ಕ್ಯೂನಲ್ಲಿ ನಿಂತ ರಿಕ್ವೆಸ್ಟ್‌ಗೆ ಉಸಿರಾಡಬೇಕಾಗಿಲ್ಲ, ಜನಕ್ಕೆ ಉಸಿರಾಡಬೇಕು.

ಇದನ್ನ ದೊಡ್ಡ ಮಾತಾಗಲಿ ಅಂತ ಹೇಳ್ತಿಲ್ಲ. ಆ ರೇಸ್ ಆಗಿ ಐದು ವಾರಕ್ಕೆ, 2024ರ ಅಕ್ಟೋಬರ್ 6, ಭಾನುವಾರ, ಅಲ್ಲೇ ಪಕ್ಕದ ಮರೀನಾ ಬೀಚ್‌ನಲ್ಲಿ ವಾಯುಪಡೆಯ ಏರ್ ಶೋ ನಡೀತು. ಲಕ್ಷಾಂತರ ಜನ ಸೇರಿದ್ರು. ಬೆಳಗ್ಗಿನಿಂದ ಬಿಸಿಲಲ್ಲಿ ನಿಂತವರು ಮಧ್ಯಾಹ್ನ ಒಂದು ಗಂಟೆಗೆ ಶೋ ಮುಗಿದದ್ದೇ ತಡ ಎಲ್ಲರೂ ಒಟ್ಟಿಗೆ ಹೊರಟರು. ಹಾರೋ ರೈಲು ಆಗಲೂ ಚಿಂತಾದ್ರಿಪೇಟೆವರೆಗೇ. ಚಿಂತಾದ್ರಿಪೇಟೆ, ವೇಲಚೇರಿ ಪ್ಲಾಟ್‌ಫಾರ್ಮ್‌ಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಆ ದಿನ ಬಿಸಿಲು, ನೀರಡಿಕೆ, ನೂಕುನುಗ್ಗಲ ನಡುವೆ ಐದು ಜನ ತೀರಿಕೊಂಡರು.

ನಮ್ಮ ಬೆಂಗಳೂರಲ್ಲಿ 2025ರ ಜೂನ್ 4. ಆರ್‌ಸಿಬಿ ಕಪ್ ಗೆದ್ದ ಸಂಭ್ರಮ. ಚಿನ್ನಸ್ವಾಮಿ ಸ್ಟೇಡಿಯಂ ಗೇಟ್‌ಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಸಂಜೆ ಹತ್ತಿರದ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ಮೆಟ್ರೋ ಸ್ಟೇಷನ್‌ಗಳಲ್ಲಿ ರೈಲು ನಿಲ್ಲಿಸೋದನ್ನೇ ಬಂದ್ ಮಾಡಬೇಕಾಯ್ತು. ಇದನ್ನ ಗಮನಿಸಿ. ಜನ ಮಿತಿ ಮೀರಿದಾಗ ಮೊದಲು ಮುಚ್ಚೋದು ಅತಿ ಹತ್ತಿರದ ಸ್ಟೇಷನ್. ನೀವು ನಂಬಿಕೊಂಡು ಬಂದದ್ದೂ ಅದನ್ನೇ.

ರೈಲು ಬರೋ ದಿಕ್ಕಿಗೆ ಎದುರಾಗಿ ನಡೀರಿ

ಹತ್ತಿರದ ಸ್ಟೇಷನ್ ಬೇಡ, ಅದರ ಪಕ್ಕದ ಸ್ಟೇಷನ್‌ಗೆ ನಡೀರಿ ಅಂತ ಬಹಳ ಜನ ಹೇಳ್ತಾರೆ. ಮಾತು ಸರಿ, ಆದ್ರೆ ಅರ್ಧ. ಪಕ್ಕದ ಸ್ಟೇಷನ್ ಎರಡಿರತ್ತೆ, ಒಂದು ಈ ಕಡೆ, ಒಂದು ಆ ಕಡೆ. ಯಾವುದು?

ನೀವು ಏರ್‌ಪೋರ್ಟ್ ಕಡೆ ಹೋಗಬೇಕು ಅಂದ್ಕೊಳ್ಳಿ. ರೈಲು ಬರೋ ಕ್ರಮ ಹೈಕೋರ್ಟ್, ಸೆಂಟ್ರಲ್, ಗವರ್ನ್‌ಮೆಂಟ್ ಎಸ್ಟೇಟ್, ಎಲ್‌ಐಸಿ. ಜನ ಮುತ್ತಿರೋದು ಗವರ್ನ್‌ಮೆಂಟ್ ಎಸ್ಟೇಟ್‌ನಲ್ಲಿ. ನೀವು ಮುಂದಿನ ಎಲ್‌ಐಸಿಗೆ ನಡೆದು ಹೋದ್ರೆ ಪ್ಲಾಟ್‌ಫಾರ್ಮ್ ಖಾಲಿ ಇರತ್ತೆ, ಖುಷಿ ಆಗತ್ತೆ. ಆದ್ರೆ ಬರೋ ರೈಲು ಗವರ್ನ್‌ಮೆಂಟ್ ಎಸ್ಟೇಟ್‌ನಲ್ಲೇ ತುಂಬಿ ತುಳುಕಿಕೊಂಡು ಬಂದಿರತ್ತೆ. ಬಾಗಿಲು ತೆರೆಯತ್ತೆ, ಒಳಗೆ ನಿಂತವರು ನಿಮ್ಮ ಮುಖ ನೋಡ್ತಾರೆ, ನೀವು ಅವರ ಮುಖ ನೋಡ್ತೀರಿ, ಬಾಗಿಲು ಮುಚ್ಚತ್ತೆ.

ಅದೇ ಹಿಂದಕ್ಕೆ, ಸೆಂಟ್ರಲ್‌ಗೆ ನಡೆದ್ರೆ? ಜನ ಹತ್ತೋಕೆ ಮುಂಚೆಯೇ ನೀವು ಒಳಗಿರ್ತೀರಿ. ಅಂದ್ರೆ ನಡೀಬೇಕಾದ್ದು ನಿಮ್ಮ ಮನೆ ಕಡೆಗಲ್ಲ, ಅದಕ್ಕೆ ವಿರುದ್ಧ ದಿಕ್ಕಿಗೆ. ಉತ್ತರಕ್ಕೆ ಹೋಗೋರಿಗೆ ಇದೇ ನಿಯಮ ತಿರುಗುಮುರುಗು. ಅವರು ಎಲ್‌ಐಸಿ ಅಥವಾ ಥೌಸಂಡ್ ಲೈಟ್ಸ್ ಕಡೆ ನಡೀಬೇಕು.

ಹಾರೋ ರೈಲಿಗೂ ಇದೇ. ಶಿವಾನಂದ ಸಾಲೈ ಕಡೆಯಿಂದ ಹೊರಬಂದವರಿಗೆ ಚೆಪಾಕ್ ಹತ್ತಿರ. ಆದ್ರೆ ಆ ದಿನ ವೇಲಚೇರಿ ರೈಲು ಹೊರಡ್ತಿದ್ದದ್ದೇ ಚಿಂತಾದ್ರಿಪೇಟೆಯಿಂದ. ಅಲ್ಲಿಗೆ ನಡೆದು ಹೋದವನಿಗೆ ಸೀಟೇ ಸಿಗತ್ತೆ. ತಿರುವಲ್ಲಿಕ್ಕೇಣಿಗೆ ಹೋದವನಿಗೆ ತುಂಬಿದ ರೈಲು. ಈಗ ರೈಲು ಬೀಚ್‌ನಿಂದ ಹೊರಡತ್ತಾದ್ದರಿಂದ ಚಿಂತಾದ್ರಿಪೇಟೇಲಿ ಖಾಲಿ ಸೀಟಿನ ಖಾತ್ರಿ ಇಲ್ಲ, ಆದ್ರೂ ಚೆಪಾಕ್‌ಗಿಂತ ವಾಸಿ. ತಾಂಬರಂ ಕಡೆಗೆ ಹೋಗೋರಿಗೆ ಪಾರ್ಕ್‌ಗಿಂತ ಫೋರ್ಟ್, ಫೋರ್ಟ್‌ಗಿಂತ ಬೀಚ್.

ಈ ನಿಯಮ ಚೆನ್ನೈಗೆ ಮಾತ್ರ ಅಲ್ಲ. ಬೆಂಗಳೂರಲ್ಲಿ ಚಿನ್ನಸ್ವಾಮಿ ಮ್ಯಾಚ್ ಮುಗಿಸಿ ನೇರಳೆ ಲೈನ್‌ನಲ್ಲಿ ವೈಟ್‌ಫೀಲ್ಡ್ ಕಡೆ ಹೋಗೋರು ಎಂ.ಜಿ. ರೋಡ್‌ಗೆ ಹೋಗೋ ಬದಲು ವಿಧಾನಸೌಧದ ಕಡೆ ನಡೆದು ನೋಡಿ. ಹದಿನೈದು ನಿಮಿಷ ಹೆಚ್ಚು ನಡಿಗೆ, ಅದಕ್ಕಿಂತ ಹೆಚ್ಚು ಹೊತ್ತಿನ ಕಾಯುವಿಕೆ ಉಳಿತಾಯ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೇಲಿದ್ರೆ ಲೆಕ್ಕ ಬೇರೆ. ಅವರಿದ್ರೆ ಕೊನೇ ರೇಸ್‌ಗೆ ಮುಂಚೆ ಎದ್ದುಬಿಡಿ, ಅಥವಾ ಮುಗಿದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತು ಜನ ಕರಗಲಿ ಅಂತ ಕಾಯಿರಿ. ಆದ್ರೆ ಕಾಯೋದಾದ್ರೆ ಕೊನೇ ರೈಲಿನ ಟೈಮ್ ನೋಡಿಕೊಂಡೇ ಕಾಯಬೇಕು.

ರೇಸ್ ತಡ ಆಗಬಹುದು, ಕೊನೇ ರೈಲು ಕಾಯಲ್ಲ

ಆ ಶನಿವಾರ ಏನಾಯ್ತು ಅಂದ್ರೆ, ಮಳೆ ಬಂತು. ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಐಎ ಟ್ರ್ಯಾಕ್ ಪರೀಕ್ಷೆ ಮಾಡಿ ಸುರಕ್ಷಿತ ಅಂತ ಪ್ರಮಾಣಪತ್ರ ಕೊಟ್ಟ ಮೇಲೇ ಶುರು ಮಾಡಬೇಕು ಅಂತ ಕೋರ್ಟಿನ ಷರತ್ತು. ಅದು ಬರೋದು ತಡ ಆಯ್ತು, ಸರ್ಕಾರ ಕೋರ್ಟಿನಲ್ಲಿ ಹೆಚ್ಚು ಸಮಯ ಕೇಳಬೇಕಾಯ್ತು. ಮಧ್ಯಾಹ್ನದ ಕಾರ್ಯಕ್ರಮ ರಾತ್ರಿಗೆ ಸರೀತು, ರೇಸ್‌ಗಳು ಭಾನುವಾರಕ್ಕೆ ಹೋದ್ವು. ಸ್ಟ್ರೀಟ್ ಸರ್ಕ್ಯೂಟ್‌ನಲ್ಲಿ ಇದು ಸಹಜ. ನಿನ್ನೆವರೆಗೆ ಬಸ್ಸು ಓಡ್ತಿದ್ದ ರಸ್ತೇಲಿ ಇವತ್ತು ತಡೆಗೋಡೆ, ಬೇಲಿ, ದೀಪ ಎಲ್ಲಾ ಎಬ್ಬಿಸಿರ್ತಾರೆ. ಏನಾದ್ರೂ ಒಂದು ಸಡಿಲ ಇದ್ದೇ ಇರತ್ತೆ.

ಹಾಗಾಗಿ ಟಿಕೆಟ್ ಮೇಲೆ ಬರೆದ ಮುಗಿಯೋ ಹೊತ್ತನ್ನ ನಂಬಿ ವಾಪಸ್ ರೈಲು ಬುಕ್ ಮಾಡಬೇಡಿ. ಬೆಂಗಳೂರಿಂದ ಬಂದವರಿಗೆ ರಾತ್ರಿ 11ಕ್ಕೆ ಸ್ವಲ್ಪ ಮುಂಚೆ ಸೆಂಟ್ರಲ್‌ನಿಂದ ಹೊರಡೋ ಬೆಂಗಳೂರು ಮೇಲ್ ಒಳ್ಳೆ ಆಸೆ ತೋರಿಸತ್ತೆ. ರೇಸ್ ನೋಡಿ, ಹತ್ತಿ ಮಲಗಿ, ಬೆಳಕು ಹರಿಯೋಕೆ ಮುಂಚೆ ಬೆಂಗಳೂರು, ಸೋಮವಾರ ಆಫೀಸು. ಕೊನೇ ರೇಸ್ ಅರ್ಧಕ್ಕೇ ಎದ್ದುಬರೋ ಮನಸ್ಸಿದ್ರೆ ಮಾತ್ರ ಆ ರೈಲು. ಇಲ್ಲದಿದ್ರೆ ಒಂದು ರಾತ್ರಿ ಎಗ್ಮೋರ್ ಕಡೆ ರೂಮ್ ಮಾಡಿ, ಬೆಳಗ್ಗೆ ಹೊರಡಿ. ಯಾವ ರೈಲಾದ್ರೂ ಹೊರಡೋ ದಿನದ ಟೈಮ್ ಟೇಬಲ್ ನೋಡಿಕೊಳ್ಳಿ.

ನಾವಷ್ಟೇ ಅಲ್ಲ ಆ ರಸ್ತೇಲಿ

ಇಲ್ಲೊಂದು ಮಾತು ಹೇಳಲೇಬೇಕು. ಈ ಟ್ರ್ಯಾಕ್ ಸುತ್ತ ಇರೋದು ಬರೀ ಮೈದಾನ ಅಲ್ಲ. ಅಣ್ಣಾ ಸಾಲೈ ಬದೀಲಿ ಓಮಂದೂರಾರ್ ಸರ್ಕಾರಿ ಆಸ್ಪತ್ರೆ, ಸೆಂಟ್ರಲ್ ಎದುರಿಗೆ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ. ರಾಜ್ಯದ ಮೂಲೆಮೂಲೆಯಿಂದ ಬಡವರು ಬರೋ ಜಾಗಗಳು. ಹೈಕೋರ್ಟ್‌ನಲ್ಲಿ ರೇಸ್ ವಿರುದ್ಧ ವಾದ ಮಾಡಿದವರು ಎತ್ತಿದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು.

ಭಾನುವಾರ ಮಧ್ಯಾಹ್ನ ನಾನು ಹೋಗ್ತಿದ್ದ ರೈಲಲ್ಲಿ ಪಕ್ಕದ ಸೀಟಲ್ಲಿ ಐವತ್ತು ದಾಟಿದ ಒಬ್ಬ ಅಮ್ಮ ಕೂತಿದ್ರು. ಮಡಿಲಲ್ಲಿ ಟಿಫನ್ ಕ್ಯಾರಿಯರ್. ಯಜಮಾನರು ಆಸ್ಪತ್ರೇಲಿ ಇದ್ದಾರಂತೆ, ದಿನಾ ಬಸ್ಸಲ್ಲೇ ಹೋಗೋದಂತೆ. ನಿನ್ನೆ ಬಸ್ಸು ಎಲ್ಲೋ ಸುತ್ತಿ ಎಲ್ಲೋ ಇಳಿಸಿದ್ದಕ್ಕೆ ಇವತ್ತು ಯಾರನ್ನೋ ಕೇಳಿ ಈ ರೈಲು ಹತ್ತಿದ್ದಾರೆ. ‘ತಂಬಿ, ಇಳಿದ ಮೇಲೆ ಯಾವ ಕಡೆ ನಡೀಬೇಕು?’ ಅಂತ ತಮಿಳಲ್ಲಿ ಕೇಳಿದ್ರು. ನನ್ನ ಕೈಲಿ ಟಿಕೆಟ್ ಜೊತೆ ಬಂದ ಮ್ಯಾಪ್ ಇತ್ತು. ಅದರಲ್ಲಿ ಗ್ರ್ಯಾಂಡ್‌ಸ್ಟ್ಯಾಂಡ್ ಇತ್ತು, ಫುಡ್ ಕೋರ್ಟ್ ಇತ್ತು, ಆಸ್ಪತ್ರೆಗೆ ನಡೆದು ಹೋಗೋ ದಾರಿ ಇರಲಿಲ್ಲ. ಚಿಂತಾದ್ರಿಪೇಟೇಲಿ ಇಳಿದು, ಪೊಲೀಸರನ್ನ ಕೇಳಿಕೊಂಡು ಅವರನ್ನ ಬಾಗಿಲವರೆಗೆ ಬಿಟ್ಟು ಆಮೇಲೆ ನಾನು ಗೇಟಿಗೆ ಹೋದೆ.

ರೇಸ್ ಬೇಕಾ ಬೇಡ್ವಾ ಅನ್ನೋ ವಾದಕ್ಕೆ ನಾನು ಇಲ್ಲಿ ಇಳಿಯಲ್ಲ. ಆದ್ರೆ ಒಂದು ವಿಷಯ ಸ್ಪಷ್ಟ. ರೇಸ್ ನೋಡೋಕೆ ಬರೋ ಒಬ್ಬೊಬ್ಬರೂ ಕಾರು ತಂದ್ರೆ, ಉಳಿದಿರೋ ನಾಲ್ಕು ರಸ್ತೆಯೂ ತುಂಬಿ ಆಂಬುಲೆನ್ಸ್‌ಗೆ ದಾರಿ ಇರಲ್ಲ. ರೈಲಲ್ಲಿ ಹೋಗೋದು ನಮ್ಮ ಅನುಕೂಲಕ್ಕಷ್ಟೇ ಅಲ್ಲ. ಆ ದಿನ ರಸ್ತೆ ಬೇಕೇ ಬೇಕು ಅನ್ನೋವರಿಗೆ ಅದನ್ನ ಬಿಟ್ಟುಕೊಡೋದು.

ನಡೆಸೋರು ಏನು ಮಾಡಬಹುದು?

ಸಿಂಗಾಪುರದಲ್ಲಿ 2008ರಿಂದ ರಾತ್ರಿ ಫಾರ್ಮುಲಾ ಒನ್ ರೇಸ್ ನಡೀತಿದೆ, ಅದೂ ಊರಿನ ರಸ್ತೇಲೇ. ಅಲ್ಲಿ ಯಾವ ಗೇಟಿಗೆ ಯಾವ ಎಂಆರ್‌ಟಿ ಸ್ಟೇಷನ್ ಅಂತ ಮೊದಲೇ ಹೇಳಿರ್ತಾರೆ. ಸಿಟಿ ಹಾಲ್, ಎಸ್ಪ್ಲನೇಡ್, ಪ್ರಾಮನೇಡ್, ನಿಕೋಲ್ ಹೈವೇ, ಹೀಗೆ ಜನ ನಾಲ್ಕಾರು ಕಡೆ ಹಂಚಿಹೋಗ್ತಾರೆ. ರೇಸ್ ರಾತ್ರಿಗಳಲ್ಲಿ ರೈಲು ಮಾಮೂಲಿಗಿಂತ ತಡವಾಗಿಯೂ ಓಡತ್ತೆ. ಮೊನಾಕೋದಲ್ಲಿ ಗುಡ್ಡದೊಳಗೇ ಇರೋ ರೈಲ್ವೆ ಸ್ಟೇಷನ್‌ಗೆ ಪಕ್ಕದ ನೀಸ್ ಊರಿಂದ ಜನ ರೈಲಲ್ಲೇ ಬರ್ತಾರೆ.

ಹೊರದೇಶದ ಮಾತು ಬಿಡಿ ಅಂತೀರಾ? ಚೆನ್ನೈನಲ್ಲೇ ಇದರ ಮಾದರಿ ಇದೆ. ಚೆಪಾಕ್ ಐಪಿಎಲ್ ಮ್ಯಾಚ್‌ಗಳಿಗೆ 2023ರಿಂದ ಮ್ಯಾಚ್ ಟಿಕೆಟ್ಟನ್ನೇ ಮೆಟ್ರೋ ಗೇಟ್‌ನಲ್ಲಿ ಸ್ಕ್ಯಾನ್ ಮಾಡಿ ಓಡಾಡೋ ವ್ಯವಸ್ಥೆ ತಂದ್ರು. ಖರ್ಚು ತಂಡದ್ದು. ಕ್ಯೂ ಇಲ್ಲ, ಚಿಲ್ಲರೆ ಇಲ್ಲ. ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸಬಹುದು. ಟಿಕೆಟ್ ಮೇಲೇ ‘ಏರ್‌ಪೋರ್ಟ್ ಕಡೆ ಹೋಗೋರು ಸೆಂಟ್ರಲ್‌ಗೆ, ವಿಮ್ಕೋ ನಗರ ಕಡೆಯವರು ಎಲ್‌ಐಸಿಗೆ ನಡೀರಿ’ ಅಂತ ಒಂದು ಸಾಲು. ಆ ನಡಿಗೆ ದಾರೀಲಿ ಬೆಳಕು, ಕುಡಿಯೋ ನೀರು, ನಾಲ್ಕು ಜನ ಪೊಲೀಸರು. ಇದಕ್ಕೆ ಹೊಸ ಹಳಿ ಬೇಡ, ಹೊಸ ಬೋಗಿ ಬೇಡ.

ಹೊರಡೋಕೆ ಮುಂಚೆ

ಕೊನೇದಾಗಿ, ಕೈಗೆ ಹಿಡ್ಕೊಂಡು ಹೋಗೋ ಚಿಕ್ಕ ಪಟ್ಟಿ.

ಮೊದಲು ಗೇಟ್ ನೋಡಿ, ಆಮೇಲೆ ಸ್ಟೇಷನ್. ಗೇಟ್‌ನಿಂದ ಎರಡು ಸ್ಟೇಷನ್ ಗುರುತು ಮಾಡಿ, ಹೋಗೋಕೆ ಒಂದು, ಬರೋಕೆ ರೈಲು ಬರೋ ದಿಕ್ಕಲ್ಲಿರೋ ಇನ್ನೊಂದು. ಸಾಧ್ಯವಾದ್ರೆ ಹೋಗುವಾಗಲೇ ಆ ಎರಡನೇ ದಾರೀಲಿ ನಡೆದು ನೋಡಿ. ರಾತ್ರಿ ಅದೇ ದಾರಿ ಬೇರೆ ಥರ ಕಾಣತ್ತೆ.

ರೈಲು ಎಲ್ಲಿವರೆಗೆ ಓಡ್ತಿದೆ ಅಂತ ಆ ವಾರವೇ ವಿಚಾರಿಸಿ. ಶನಿವಾರ ಭಾನುವಾರ ಹಳಿ ಕೆಲಸ ಇಟ್ಟುಕೊಳ್ಳೋದು ರೈಲ್ವೆಯಲ್ಲಿ ಸಾಮಾನ್ಯ.

ಮೆಟ್ರೋಗೆ ದುಡ್ಡು ತುಂಬಿದ ಕಾರ್ಡ್ ಇಟ್ಟುಕೊಳ್ಳಿ. ಬೆಂಗಳೂರಿನ ಮಾಮೂಲಿ ಮೆಟ್ರೋ ಸ್ಮಾರ್ಟ್ ಕಾರ್ಡ್ ಇಲ್ಲಿ ನಡೆಯಲ್ಲ. ಇಲ್ಲಿ ಸಿಂಗಾರ ಚೆನ್ನೈ ಕಾರ್ಡ್ ಸಿಗತ್ತೆ. 2025ರ ಸೆಪ್ಟೆಂಬರ್‌ನಿಂದ ಚೆನ್ನೈ ಒನ್ ಅನ್ನೋ ಆ್ಯಪ್ ಬಂದಿದೆ, ಬಸ್ಸು, ಮೆಟ್ರೋ, ಸಬರ್ಬನ್ ರೈಲು ಎಲ್ಲಕ್ಕೂ ಒಂದೇ ಕಡೆ ಟಿಕೆಟ್. ಆದ್ರೆ ಸಾವಿರಾರು ಫೋನ್ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡತ್ತೆ. ಹಾಗಾಗಿ ವಾಪಸ್ ಟಿಕೆಟ್ ಹೋಗುವಾಗಲೇ ತಗೊಂಡುಬಿಡಿ.

ಗುಂಪಲ್ಲಿ ಹೋದ್ರೆ, ತಪ್ಪಿಸಿಕೊಂಡವರು ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಆ ಜಾಗ ಹತ್ತಿರದ ಸ್ಟೇಷನ್ ಬಾಗಿಲು ಆಗಿರಬಾರದು.

ಪ್ಲಾಟ್‌ಫಾರ್ಮ್‌ಗೆ ಇಳಿಯೋ ಮೆಟ್ಟಿಲ ಹತ್ತಿರ ಜನ ನಿಂತುಬಿಟ್ಟಿದ್ದಾರೆ, ಮುಂದಕ್ಕೆ ಸಾಗ್ತಾ ಇಲ್ಲ ಅಂತ ಕಂಡ್ರೆ ಒಳಗೆ ನುಗ್ಗಬೇಡಿ. ತಿರುಗಿ ನಡೀರಿ. ಆ ರೈಲು ಹೋದ್ರೆ ಇನ್ನೊಂದು ಬರತ್ತೆ, ಅದೂ ಹೋದ್ರೆ ಯಾವುದಾದ್ರೂ ಆಟೋ ಸಿಗತ್ತೆ, ದುಬಾರಿ ಅನ್ನಿಸಿದ್ರೂ ಪರವಾಗಿಲ್ಲ.

ಇವತ್ತಿಗೆ ಇಷ್ಟು. ಮುಂದಿನ ಸಲ ನಿಮ್ಮೂರಲ್ಲಿ ಮ್ಯಾಚೋ, ಜಾತ್ರೆಯೋ, ದಸರಾ ಮೆರವಣಿಗೆಯೋ ಮುಗಿದಾಗ, ನಿಮ್ಮ ಬಸ್ಸು ಅಥವಾ ರೈಲು ಯಾವ ಕಡೆಯಿಂದ ಬರತ್ತೆ ಅಂತ ಒಂದು ಸಲ ಯೋಚಿಸಿ, ಆ ಕಡೆಗೆ ನಾಲ್ಕು ಹೆಜ್ಜೆ ನಡೆದು ನೋಡಿ. ಮತ್ತೆ ಸಿಗೋಣ, ನಮಸ್ಕಾರ.